ಲೋಲಕದ ಲೆಕ್ಕ, ದಾರದ ಗೊಡವೆ ಇಲ್ಲದೆ



ವಿಶಾಖಪಟ್ಟಣವಿರಲಿ, ವಿಜಯವಾಡವಿರಲಿ, ನಮ್ಮ ಕನ್ನಡ ಮನೆಗಳ ಮಕ್ಕಳದ್ದು ಮೂರು ಭಾಷೆಯ ಬದುಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷ್. ಎಂಜಿನಿಯರಿಂಗ್ ಅಥವಾ ಬಿ.ಎಸ್ಸಿ. ಓದುವ ಮಗ "ಲಾಗ್ರಾಂಜಿಯನ್" ಎಂದು ಗೊಣಗುತ್ತಾ ಸೂತ್ರ ಉರು ಹೊಡೆಯುವಾಗ ಅಮ್ಮ ಕಾಫಿ ಕೊಟ್ಟು ಸುಮ್ಮನಾಗುತ್ತಾರೆ. ಏನದು ಅಂತ ಕೇಳೋದಿಲ್ಲ. ಕೇಳಿದರೂ ಅವನು ಹೇಳೋದಿಲ್ಲ, "ನಿಂಗೆ ಗೊತ್ತಾಗಲ್ಲಮ್ಮ" ಅಂದುಬಿಡ್ತಾನೆ.

ನಿಜ ಹೇಳಬೇಕೆಂದರೆ ಅಮ್ಮನಿಗೆ ಹೇಳಲು ಬಾರದ ಲೆಕ್ಕ ಅವನಿಗೂ ಪೂರ್ತಿ ಬಂದಿಲ್ಲ. ಆದ್ದರಿಂದ ಈ ಸಲದ ಪುಟದಲ್ಲಿ ಹಾಡು, ಹಬ್ಬ, ಅಡುಗೆ ಬಿಟ್ಟು ಒಂದು ಲೆಕ್ಕ ಮಾಡೋಣ. ಕನ್ನಡ ಬಿ.ಎ. ಓದಿ ಮೈಕ್ ಮುಂದೆ ಕೂತವಳಿಗೆ ಇದೇಕೆ ಅಂತೀರಾ? ಕನ್ನಡದಲ್ಲಿ ಹೇಳುವುದೇ ನನ್ನ ಕೆಲಸ ತಾನೆ!

ಲೆಕ್ಕ ಇಷ್ಟೇ. ಒಂದು ದಾರಕ್ಕೆ ಗುಂಡು ಕಟ್ಟಿ ತೂಗುಬಿಡಿ. ಪಕ್ಕಕ್ಕೆ ಎಳೆದು ಬಿಟ್ಟರೆ ಅದು ಆಚೆ ಈಚೆ ಆಡುತ್ತದೆ. ಇದೇ ಲೋಲಕ. ಅದು ಹೇಗೆ ಆಡುತ್ತದೆ, ಒಂದು ಸಲ ಹೋಗಿ ಬರಲು ಎಷ್ಟು ಹೊತ್ತು ಬೇಕು ಎನ್ನುವುದೇ ಪ್ರಶ್ನೆ.

ವಿಶಾಖಪಟ್ಟಣಕ್ಕೂ ಲೋಲಕಕ್ಕೂ ಏನು ನಂಟು?

ನಂಟು ಹಳೆಯದು. ಇಲ್ಲಿನ ಜಮೀನ್ದಾರ ಗೋಡೆ ವೆಂಕಟ ಜಗ್ಗಾರಾವ್ (1817–1856) ಮದರಾಸಿಗೆ ಹೋಗಿ, ಅಲ್ಲಿನ ವೀಕ್ಷಣಾಲಯದ ಟಿ.ಜಿ. ಟೇಲರ್ ಅವರ ಬಳಿ ಖಗೋಳ ವಿಜ್ಞಾನ ಕಲಿತು ಬಂದರು. 1840ರ ಸುಮಾರಿಗೆ ಡಾಬಾ ಗಾರ್ಡನ್ಸ್‌ನಲ್ಲಿ ಸ್ವಂತ ಖರ್ಚಿನಲ್ಲಿ ವೀಕ್ಷಣಾಲಯ ಕಟ್ಟಿದರು. ಅವರ ನಂತರ ಅಳಿಯ ಅಂಕಿತಂ ವೆಂಕಟ ನರಸಿಂಗರಾವ್ ಅದನ್ನು ನಡೆಸಿದರು. 1874ರ ಡಿಸೆಂಬರ್ 9ರಂದು ಸೂರ್ಯನ ಮುಂದೆ ಶುಕ್ರ ಹಾದುಹೋದದ್ದನ್ನು ಅವರು ಇಲ್ಲಿಂದಲೇ ನೋಡಿ ದಾಖಲಿಸಿದರು.

ಆ ಕಾಲದ ಯಾವುದೇ ವೀಕ್ಷಣಾಲಯದ ಜೀವಾಳ ದೂರದರ್ಶಕ ಮಾತ್ರವಲ್ಲ, ಅದರ ಪಕ್ಕದಲ್ಲಿ ಟಿಕ್ ಟಿಕ್ ಅನ್ನುತ್ತಿದ್ದ ಲೋಲಕದ ಗಡಿಯಾರವೂ ಹೌದು. ನಕ್ಷತ್ರ ನೆತ್ತಿಯ ಗೆರೆ ದಾಟುವ ಕ್ಷಣ ನೋಡಿ ಗಡಿಯಾರ ತಿದ್ದುತ್ತಿದ್ದರು. ಅಂಥ ಗಡಿಯಾರದಿಂದ ಬಂದರುಗಳಲ್ಲಿ ಹಡಗುಗಳಿಗೆ ಸಮಯದ ಸಂಕೇತ ಕೊಡುವುದು 19ನೇ ಶತಮಾನದ ರೂಢಿ. ನಾವಿಕನಿಗೆ ಸಮಯವೆಂದರೆ ಜಾಗ. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದಲ್ಲ, ಆ ಲೆಕ್ಕದಲ್ಲಿ ಗಡಿಯಾರ ಒಂದೇ ಒಂದು ಸೆಕೆಂಡ್ ತಪ್ಪಿದರೆ ವಿಶಾಖಪಟ್ಟಣದ ಅಕ್ಷಾಂಶದಲ್ಲಿ ಹಡಗಿನ ಸ್ಥಾನ ಪೂರ್ವ ಪಶ್ಚಿಮವಾಗಿ ಸುಮಾರು 440 ಮೀಟರ್ ತಪ್ಪುತ್ತದೆ. ಕತ್ತಲಲ್ಲಿ ಬಂಡೆಗಳಿರುವ ದಡಕ್ಕೆ ಬರುವವನಿಗೆ 440 ಮೀಟರ್ ಅಂದರೆ ಜೀವ! ಹಾಗಾಗಿ ಲೋಲಕ ಹೇಗೆ ಆಡುತ್ತದೆ ಎಂಬುದು ಪರೀಕ್ಷೆಗೆಂದು ಹುಟ್ಟಿದ ಪ್ರಶ್ನೆಯಲ್ಲ.

ದಾರವೇ ತಲೆನೋವು

ಶಾಲೆಯಲ್ಲಿ ನಾವೆಲ್ಲ ಕಲಿತದ್ದು ನ್ಯೂಟನ್ನನ ದಾರಿ. ವಸ್ತುವಿನ ಮೇಲೆ ಬೀಳುವ ಬಲಗಳನ್ನೆಲ್ಲ ಪಟ್ಟಿ ಮಾಡು, ಕೂಡಿಸು, ವೇಗ ಹೇಗೆ ಬದಲಾಗುತ್ತದೆ ನೋಡು. ಲೋಲಕದ ಗುಂಡಿನ ಮೇಲೆ ಎರಡು ಬಲ. ಒಂದು, ಭೂಮಿ ಕೆಳಗೆ ಎಳೆಯುವುದು. ಇದು ನಮಗೆ ಗೊತ್ತು, ಬದಲಾಗುವುದೂ ಇಲ್ಲ. ಇನ್ನೊಂದು, ದಾರದ ಬಿಗಿ. ಇದೇ ತರಲೆ.

ಉಯ್ಯಾಲೆ ಆಡಿದವರಿಗೆಲ್ಲ ಇದು ಮೈಗೆ ಗೊತ್ತು. ತುದಿಗೆ ಹೋದಾಗ ಹಗುರ, ಕೆಳಗೆ ಬಂದಾಗ ಭಾರ. ಲೋಲಕವನ್ನು 60 ಡಿಗ್ರಿ ಎಳೆದು ಬಿಟ್ಟರೆ, ತುದಿಯಲ್ಲಿ ದಾರದ ಬಿಗಿ ಗುಂಡಿನ ತೂಕದ ಅರ್ಧದಷ್ಟು. ತೀರಾ ಕೆಳಗೆ ಬಂದಾಗ ತೂಕದ ಎರಡರಷ್ಟು. ನಡುವೆ ಕ್ಷಣಕ್ಷಣಕ್ಕೂ ಬೇರೆ. ಅದರ ದಿಕ್ಕೂ ಬದಲಾಗುತ್ತಲೇ ಇರುತ್ತದೆ. ಗುಂಡಿನ ಚಲನೆ ಗೊತ್ತಾಗದೆ ಬಿಗಿ ಗೊತ್ತಾಗುವುದಿಲ್ಲ, ಬಿಗಿ ಗೊತ್ತಾಗದೆ ಚಲನೆ ಗೊತ್ತಾಗುವುದಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅನ್ನೋ ಹಾಗೆ.

ಒಂದೇ ಗುಂಡಾದರೆ ಬಲವನ್ನು ಓರೆಯಾಗಿ ಒಡೆದು ಉಪಾಯವಾಗಿ ತಪ್ಪಿಸಿಕೊಳ್ಳಬಹುದು. ಆದರೆ ಗುಂಡಿನ ಕೆಳಗೆ ಇನ್ನೊಂದು ಗುಂಡು ಕಟ್ಟಿದರೆ? ಮೇಲಿನ ಮೊಳೆಯೇ ಓಡಾಡಿದರೆ? ಆಗ ಪಟ್ಟಿ ಬೆಳೆಯುತ್ತದೆ, ತಲೆ ತಿರುಗುತ್ತದೆ.

ಲಾಗ್ರಾಂಜ್ ಹೇಳಿದ್ದೇನು?

ಜೋಸೆಫ್ ಲೂಯಿ ಲಾಗ್ರಾಂಜ್ ಹುಟ್ಟಿದ್ದು 1736ರಲ್ಲಿ, ಇಟಲಿಯ ಟ್ಯೂರಿನ್‌ನಲ್ಲಿ. 19ನೇ ವಯಸ್ಸಿಗೇ, 1755ರಲ್ಲಿ, ಆಗಿನ ಮಹಾ ಗಣಿತಜ್ಞ ಆಯ್ಲರ್‌ಗೆ ತನ್ನ ಹೊಸ ವಿಧಾನವನ್ನು ಪತ್ರದಲ್ಲಿ ಬರೆದು ಕಳಿಸಿದ. 1788ರಲ್ಲಿ ಪ್ಯಾರಿಸ್‌ನಲ್ಲಿ ಅವನ ದೊಡ್ಡ ಪುಸ್ತಕ ಬಂತು. ಯಂತ್ರಶಾಸ್ತ್ರದ ಪುಸ್ತಕವಾದರೂ ಅದರಲ್ಲಿ ಒಂದೂ ಚಿತ್ರವಿಲ್ಲ. ಇದನ್ನು ಅವನೇ ಮುನ್ನುಡಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಚಿತ್ರವಿಲ್ಲದೆ ಹೇಳುವ ಲೆಕ್ಕ, ನೋಡಿ, ರೇಡಿಯೋಗೆ ಹೇಳಿ ಮಾಡಿಸಿದ್ದು!

ಅವನ ಮಾತಿನ ಸಾರ ಇದು: ಬಲಗಳ ಪಟ್ಟಿ ಬೇಡ. ಶಕ್ತಿಯ ಲೆಕ್ಕ ಸಾಕು.

ಶಕ್ತಿ ಎರಡು ಬಗೆ. ಓಡುವ ವಸ್ತುವಿನಲ್ಲಿರುವುದು ಚಲನ ಶಕ್ತಿ. ಎತ್ತರದಲ್ಲಿ ನಿಂತ ವಸ್ತುವಿನಲ್ಲಿ ಅಡಗಿರುವುದು ಪ್ರಚ್ಛನ್ನ ಶಕ್ತಿ. ವಿಜಯವಾಡದವರಿಗೆ ಇದು ಮನೆ ಮುಂದಿನ ಮಾತು. ನಮ್ಮ ಆಲಮಟ್ಟಿ ಜಲಾಶಯ ತುಂಬಿದಾಗ ಕೃಷ್ಣೆ ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದಲ್ಲಿ ನಿಂತಿರುತ್ತಾಳೆ. ಆ ಎತ್ತರವೇ ಅಡಗಿದ ಶಕ್ತಿ. ಇಳಿಯುತ್ತಾ ಅದೇ ಓಟವಾಗುತ್ತದೆ. ದಾರಿಯಲ್ಲಿ ಶ್ರೀಶೈಲ, ನಾಗಾರ್ಜುನಸಾಗರಗಳಲ್ಲಿ ಕರೆಂಟಾಗುತ್ತದೆ. ಪ್ರಕಾಶಂ ಬ್ಯಾರೇಜ್ ತಲುಪುವಾಗ ಎತ್ತರದ ಬಹುಪಾಲು ಖರ್ಚಾಗಿರುತ್ತದೆ.

ಲಾಗ್ರಾಂಜ್ ಈ ಎರಡನ್ನು ಕೂಡಿಸಲಿಲ್ಲ, ಕಳೆದ. ಚಲನ ಶಕ್ತಿಯಿಂದ ಪ್ರಚ್ಛನ್ನ ಶಕ್ತಿ ಕಳೆದರೆ ಉಳಿಯುವುದನ್ನೇ ಈಗ ಲಾಗ್ರಾಂಜಿಯನ್ ಅನ್ನುತ್ತಾರೆ. ಯಾಕೆ ಕಳೆಯಬೇಕು? ವಸ್ತುವೊಂದು ಈ ಕ್ಷಣ ಇಲ್ಲಿ, ಮತ್ತೊಂದು ಕ್ಷಣ ಅಲ್ಲಿ ಇರಬೇಕು ಎಂದಿಟ್ಟುಕೊಳ್ಳಿ. ನಡುವೆ ಅದು ಹೋಗಬಹುದಾದ ದಾರಿಗಳು ಲೆಕ್ಕವಿಲ್ಲದಷ್ಟು. ಪ್ರತಿ ದಾರಿಗೂ ಈ ವ್ಯತ್ಯಾಸವನ್ನು ಕ್ಷಣಕ್ಷಣಕ್ಕೂ ಬರೆದು ಒಟ್ಟು ಕೂಡಿಸಿ. ನಿಜವಾಗಿ ವಸ್ತು ಹಿಡಿಯುವ ದಾರಿಗೆ ಒಂದು ವಿಶೇಷ ಗುಣವಿದೆ. ಆ ದಾರಿಯನ್ನು ಕೂದಲೆಳೆಯಷ್ಟು ಅತ್ತಿತ್ತ ಮಾಡಿದರೆ ಒಟ್ಟು ಮೊತ್ತ ಬದಲಾಗುವುದೇ ಇಲ್ಲ ಅನ್ನುವಷ್ಟು ಕಡಿಮೆ ಬದಲಾಗುತ್ತದೆ. ಕೈಲಾಸಗಿರಿಯ ಇಳಿಜಾರಿನಲ್ಲಿ ಒಂದು ಹೆಜ್ಜೆ ಇಟ್ಟರೆ ಎತ್ತರ ಬದಲಾಗುತ್ತದೆ, ನೆತ್ತಿಯ ಮೇಲೆ ಒಂದು ಹೆಜ್ಜೆ ಇಟ್ಟರೆ ಬದಲಾಗದಲ್ಲ, ಹಾಗೆ. ಮೊತ್ತಕ್ಕೆ ಈ ಗುಣ ಬರುವುದು ವ್ಯತ್ಯಾಸ ತೆಗೆದುಕೊಂಡಾಗ, ಮತ್ತು ಆಗ ಸಿಗುವ ಚಲನೆ ನ್ಯೂಟನ್ನನ ಚಲನೆಗೆ ಸರಿಯಾಗಿ ಹೊಂದುತ್ತದೆ.

ಈಗ ಲೆಕ್ಕಕ್ಕೆ ಕೂರೋಣ

ಮೊದಲು ಗುರುತುಗಳು. ನಮ್ಮ ಹಿಂದಿನ ಗಣಿತಜ್ಞರು ಗೊತ್ತಿಲ್ಲದ ಪ್ರಮಾಣಕ್ಕೆ "ಯಾವತ್ತಾವತ್" ಎಂದು ಹೆಸರಿಟ್ಟು "ಯಾ" ಎಂದು ಚಿಕ್ಕದಾಗಿ ಬರೆಯುತ್ತಿದ್ದರು. ಎರಡನೆಯದಕ್ಕೆ "ಕಾಲಕ", ಅದು "ಕಾ". ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರ "ಗಣಿತಸಾರಸಂಗ್ರಹ"ವನ್ನು 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ "ವ್ಯವಹಾರಗಣಿತ" ಬರೆದ. ಅಂದರೆ ಕನ್ನಡ ನಾಡಿನ ಲೆಕ್ಕ ಆಂಧ್ರಕ್ಕೆ ಬಂದು ಸಾವಿರ ವರ್ಷವಾಗುತ್ತಾ ಬಂತು, ನಾವು ಹೊಸಬರೇನಲ್ಲ. ಆದ್ದರಿಂದ ಧೈರ್ಯವಾಗಿ ಕನ್ನಡ ಅಕ್ಷರಗಳನ್ನೇ ಇಟ್ಟುಕೊಳ್ಳೋಣ.

ದ್ರ: ಗುಂಡಿನ ದ್ರವ್ಯರಾಶಿ
ಉ: ದಾರದ ಉದ್ದ
ಗು: ಗುರುತ್ವ, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಹೆಚ್ಚುವ ದರ
ಕೋ: ದಾರ ನೆಟ್ಟಗಿನ ಗೆರೆಯಿಂದ ಓರೆಯಾದ ಕೋನ, ರೇಡಿಯನ್‌ನಲ್ಲಿ
ವೇ: ಆ ಕೋನ ಬದಲಾಗುವ ವೇಗ
ತ್ವ: ಆ ವೇಗವೂ ಬದಲಾಗುವ ದರ, ಅಂದರೆ ತ್ವರಣ

ಗುಂಡು ಎಲ್ಲಿದೆ ಎಂದು ಹೇಳಲು ಒಂದೇ ಒಂದು ಸಂಗತಿ ಸಾಕು: ಕೋನ. ದಾರ ಹಿಗ್ಗದ ಕಾರಣ ಗುಂಡು ವೃತ್ತದ ಮೇಲೆ ಮಾತ್ರ ಓಡಾಡಬಲ್ಲದು. ಕೋನವನ್ನು ಆರಿಸಿಕೊಂಡ ಕ್ಷಣವೇ ದಾರದ ಕೆಲಸ ಲೆಕ್ಕದೊಳಗೆ ಸೇರಿಹೋಯಿತು. ಇನ್ನು ಅದರ ಬಿಗಿ ಎಷ್ಟು ಎಂದು ಕೇಳುವ ಅಗತ್ಯವೇ ಇಲ್ಲ. ಬಿಗಿ ಯಾವಾಗಲೂ ಓಟಕ್ಕೆ ಅಡ್ಡಡ್ಡವಾಗಿರುವುದರಿಂದ ಅದು ಶಕ್ತಿ ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ. ಈ ವಿಧಾನದ ಗುಟ್ಟೆಲ್ಲ ಇಷ್ಟರಲ್ಲೇ ಇದೆ.

ಮೊದಲನೆಯದು, ಚಲನ ಶಕ್ತಿ. ಗುಂಡಿನ ವೇಗ ಎಂದರೆ ಉ × ವೇ. ಚಲನ ಶಕ್ತಿ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು:

ಚ = ½ × ದ್ರ × ಉ² × ವೇ²

ಎರಡನೆಯದು, ಪ್ರಚ್ಛನ್ನ ಶಕ್ತಿ. ದಾರ ಓರೆಯಾದಾಗ ಗುಂಡು ಎಷ್ಟು ಮೇಲೇರಿತು? ಮೊಳೆಯಿಂದ ಕೆಳಕ್ಕೆ ಅದು ಈಗ ಉ × ಕೊಸೈನ್ ಕೋ ದೂರದಲ್ಲಿದೆ. ಮೊದಲು ಉ ದೂರದಲ್ಲಿತ್ತು. ವ್ಯತ್ಯಾಸವೇ ಏರಿದ ಎತ್ತರ:

ಪ್ರ = ದ್ರ × ಗು × ಉ × (1 − ಕೊಸೈನ್ ಕೋ)

ಮೂರನೆಯದು, ಕಳೆಯಿರಿ:

ಲ = ½ × ದ್ರ × ಉ² × ವೇ² − ದ್ರ × ಗು × ಉ × (1 − ಕೊಸೈನ್ ಕೋ)

ಈಗ ಲಾಗ್ರಾಂಜ್‌ನ ನಿಯಮ. ಮಾತಿನಲ್ಲಿ ಹೇಳುವುದಾದರೆ: ವೇ ಬದಲಾದಂತೆ ಲ ಬದಲಾಗುವ ದರವನ್ನು ಹಿಡಿಯಿರಿ. ಆ ದರ ಕಾಲದೊಂದಿಗೆ ಎಷ್ಟು ಬೇಗ ಬದಲಾಗುತ್ತದೆ ನೋಡಿ. ಅದು, ಕೋ ಬದಲಾದಂತೆ ಲ ಬದಲಾಗುವ ದರಕ್ಕೆ ಸಮ. ಇಷ್ಟೇ ನಿಯಮ. ಮೇಲೆ ಹೇಳಿದ ನೆತ್ತಿಯ ಗುಣದಿಂದಲೇ ಇದು ಹುಟ್ಟುತ್ತದೆ.

ವೇ ಬದಲಾದಂತೆ: ಲ ಒಳಗೆ ವೇ ಇರುವುದು ಮೊದಲ ಭಾಗದಲ್ಲಿ ಮಾತ್ರ. ವೇ² ಬದಲಾಗುವ ದರ 2 × ವೇ. ಆ 2 ಮತ್ತು ½ ಒಂದನ್ನೊಂದು ಹೊಡೆದುಕೊಂಡು ದ್ರ × ಉ² × ವೇ ಉಳಿಯುತ್ತದೆ.

ಅದೇ ಕಾಲದೊಂದಿಗೆ: ದ್ರ, ಉ ಬದಲಾಗುವುದಿಲ್ಲ. ವೇ ಬದಲಾಗುವ ದರವೇ ತ್ವ. ಹಾಗಾಗಿ ದ್ರ × ಉ² × ತ್ವ.

ಕೋ ಬದಲಾದಂತೆ: ಕೋ ಇರುವುದು ಎರಡನೇ ಭಾಗದಲ್ಲಿ ಮಾತ್ರ. ಕೊಸೈನ್ ಬದಲಾಗುವ ದರ ಋಣ ಸೈನ್. ಹಾಗಾಗಿ − ದ್ರ × ಗು × ಉ × ಸೈನ್ ಕೋ.

ಸಮ ಮಾಡಿ, ಎರಡೂ ಕಡೆ ಇರುವ ದ್ರ ಮತ್ತು ಒಂದು ಉ ಹೊಡೆದುಹಾಕಿ:

ತ್ವ = − (ಗು ÷ ಉ) × ಸೈನ್ ಕೋ

ಮುಗಿಯಿತು! ಇದೇ ಲೋಲಕದ ಚಲನೆಯ ಸಮೀಕರಣ. ಆ ಋಣ ಚಿಹ್ನೆ ಹೇಳುವುದು, ಗುಂಡು ಯಾವ ಕಡೆ ಹೋದರೂ ನಡುವಿಗೆ ಮರಳುವ ಎಳೆತ ಇದ್ದೇ ಇದೆ ಅಂತ. ದಾರದ ಬಿಗಿಯ ಹೆಸರೂ ಎತ್ತಲಿಲ್ಲ, ನೋಡಿದಿರಾ?

ಸಣ್ಣ ಕೋನದ ರಿಯಾಯಿತಿ

ಕೋನ ಚಿಕ್ಕದಿದ್ದರೆ ಸೈನ್ ಕೋ ಹೆಚ್ಚುಕಡಿಮೆ ಕೋ ಅಷ್ಟೇ. 10 ಡಿಗ್ರಿ ಎಂದರೆ 0.1745 ರೇಡಿಯನ್, ಅದರ ಸೈನ್ 0.1736. ಸೈನ್ ಬದಲು ಕೋ ಬರೆದರೆ ಸಮೀಕರಣ ಸಲೀಸಾಗಿ ಬಿಡಿಸಿಕೊಂಡು, ಒಂದು ಸಲ ಹೋಗಿ ಬರುವ ಅವಧಿ ಸಿಗುತ್ತದೆ:

ಅವಧಿ = 2 × ಪೈ × ವರ್ಗಮೂಲ (ಉ ÷ ಗು)

ಇದು ಪುಕ್ಕಟೆ ರಿಯಾಯಿತಿಯಲ್ಲ. ಎರಡೂ ಕಡೆಗೆ 60 ಡಿಗ್ರಿ ಆಡುವ ಲೋಲಕದ ನಿಜವಾದ ಅವಧಿ ಈ ಸೂತ್ರಕ್ಕಿಂತ ಶೇಕಡಾ 7ಕ್ಕೂ ಹೆಚ್ಚು ಉದ್ದ. ಬರೀ 5 ಡಿಗ್ರಿಗೂ ದಿನಕ್ಕೆ ಸುಮಾರು 40 ಸೆಕೆಂಡಿನ ವ್ಯತ್ಯಾಸ. ಆದ್ದರಿಂದಲೇ ಒಳ್ಳೆಯ ಗಡಿಯಾರಗಳ ಲೋಲಕ ತೀರಾ ಸ್ವಲ್ಪ, ಆದರೆ ಯಾವಾಗಲೂ ಒಂದೇ ಅಳತೆಯಲ್ಲಿ ಆಡುತ್ತದೆ.

ಮೂರು ಅಕ್ಷರ, ಮೂರು ಊರು

ಈಗ ಆ ಸೂತ್ರವನ್ನು ಕನ್ನಡ ಪದ್ಯ ಓದುವ ಹಾಗೆ ಅಕ್ಷರ ಬಿಡಿಸಿ ಓದೋಣ.

ದ್ರ ಎಲ್ಲಿ? ಇಲ್ಲವೇ ಇಲ್ಲ! ಗುಂಡು ಹತ್ತು ಗ್ರಾಂ ಇರಲಿ, ಹತ್ತು ಕೆ.ಜಿ. ಇರಲಿ, ಅವಧಿ ಅದೇ.

ಉ ಇದೆ. ವಿಜಯವಾಡದ ಬೇಸಿಗೆ ಗೊತ್ತಲ್ಲ, ತಮಾಷೆಗೆ "ಬ್ಲೇಜ್‌ವಾಡ" ಅನ್ನುವುದೂ ಉಂಟು. ಉಕ್ಕಿನ ಸಲಾಕೆಯ ಲೋಲಕ 10 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಮೀಟರಿಗೆ ಸುಮಾರು 0.12 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟಕ್ಕೇ ಗಡಿಯಾರ ದಿನಕ್ಕೆ 5 ಸೆಕೆಂಡ್ ಹಿಂದೆ. ಅಜ್ಜನ ಕಾಲದ ಗೋಡೆ ಗಡಿಯಾರ ಬೇಸಿಗೆಯಲ್ಲಿ ಸೋಮಾರಿಯಾಗುತ್ತಿದ್ದುದು ಇದಕ್ಕೇ.

ಗು ಇದೆ. ಅದು ಊರಿಂದ ಊರಿಗೆ ಬೇರೆ. ಭೂಮಿ ಧ್ರುವಗಳಲ್ಲಿ ಚಪ್ಪಟೆ, ಜೊತೆಗೆ ತಿರುಗುತ್ತಿದೆ. ಹಾಗಾಗಿ ಸಮಭಾಜಕದ ಕಡೆ ಹೋದಂತೆ ಗುರುತ್ವ ಕಡಿಮೆ, ಎತ್ತರಕ್ಕೆ ಹೋದಂತೆಯೂ ಕಡಿಮೆ. 1672ರಲ್ಲಿ ಫ್ರಾನ್ಸಿನ ಝಾನ್ ರಿಶೇರ್ ಪ್ಯಾರಿಸ್‌ನಲ್ಲಿ ಸರಿಯಿದ್ದ ಗಡಿಯಾರವನ್ನು ದಕ್ಷಿಣ ಅಮೆರಿಕದ ಕಯೆನ್‌ಗೆ ಒಯ್ದಾಗ ಅದು ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿತ್ತು. ನಮ್ಮ ಲೆಕ್ಕ ನೋಡಿ. ಅಕ್ಷಾಂಶ ಮತ್ತು ಎತ್ತರದ ಸೂತ್ರದಿಂದ ವಿಶಾಖಪಟ್ಟಣದಲ್ಲಿ ಗು ಸುಮಾರು 9.785, ವಿಜಯವಾಡದಲ್ಲಿ ಅದಕ್ಕಿಂತ ಕೂದಲೆಳೆ ಕಡಿಮೆ, ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 9.780. ವಿಶಾಖಪಟ್ಟಣದಲ್ಲಿ ಸರಿಯಾಗಿ ಓಡುವ ಲೋಲಕದ ಗಡಿಯಾರವನ್ನು ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿಸಿ ವಿಜಯವಾಡದಲ್ಲಿ ಇಳಿಸಿದರೆ ದಿನಕ್ಕೆ ಎರಡು ಮೂರು ಸೆಕೆಂಡ್ ಹಿಂದೆ. ಬೆಂಗಳೂರಿನ ತನಕ ಒಯ್ದರೆ ದಿನಕ್ಕೆ ಸುಮಾರು 20 ಸೆಕೆಂಡ್ ಹಿಂದೆ! ಮತ್ತೆ ಸರಿಮಾಡಲು ಲೋಲಕವನ್ನು ಸುಮಾರು ಅರ್ಧ ಮಿಲಿಮೀಟರ್ ಗಿಡ್ಡ ಮಾಡಿದರೆ ಸಾಕು.

ಹಡಗಿನ ಲೆಕ್ಕದಲ್ಲಿ 20 ಸೆಕೆಂಡ್ ಎಂದರೆ ಸುಮಾರು 9 ಕಿಲೋಮೀಟರ್. ಬೇರೆ ಊರಿನಲ್ಲಿ ಸರಿಮಾಡಿದ ಗಡಿಯಾರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ, ಆಯಾ ಊರಿನಲ್ಲೇ ನಕ್ಷತ್ರ ನೋಡಿ ತಿದ್ದಬೇಕು. ಡಾಬಾ ಗಾರ್ಡನ್ಸ್‌ನಂಥ ಕಡೆ ರಾತ್ರಿ ನಿದ್ದೆಗೆಟ್ಟು ಆಕಾಶ ನೋಡುವವರು ಬೇಕಾಗಿದ್ದುದು ಏಕೆಂದು ಈ ಒಂದು "ಗು" ಹೇಳುತ್ತದೆ.

ಬಂದರಿನ ಕ್ರೇನ್, ರೇಡಿಯೋದ ಟ್ಯೂನಿಂಗ್

"ಒಂದು ಗುಂಡಿಗೆ ಇಷ್ಟೆಲ್ಲ ಬೇಕೆ?" ಅಂತ ಕೇಳಬಹುದು. ಬಂದರಿಗೆ ಬನ್ನಿ. ಕ್ರೇನ್ ಹಗ್ಗದಲ್ಲಿ ತೂಗುವ ಕಂಟೇನರ್ ಕೂಡ ಲೋಲಕವೇ. ಮೇಲಿನ ಮೊಳೆ ಮಾತ್ರ ಸುಮ್ಮನಿಲ್ಲ, ಟ್ರಾಲಿಯ ಜೊತೆ ಓಡುತ್ತದೆ. ನ್ಯೂಟನ್ನನ ದಾರಿಯಲ್ಲಿ ಮತ್ತೆ ಹಗ್ಗದ ಬಿಗಿ ಕಾಡುತ್ತದೆ. ಲಾಗ್ರಾಂಜ್‌ನ ದಾರಿಯಲ್ಲಿ ಚಲನ ಶಕ್ತಿ ಬರೆಯುವಾಗ ಟ್ರಾಲಿಯ ವೇಗವನ್ನೂ ಸೇರಿಸಿದರೆ ಆಯಿತು. ಮುಂದಿನ ಹೆಜ್ಜೆಗಳು ಹಾಗೇ. ಟ್ರಾಲಿಯ ತ್ವರಣವನ್ನು ಟ್ರಾ ಎಂದರೆ:

ತ್ವ = − (ಗು ÷ ಉ) × ಸೈನ್ ಕೋ − (ಟ್ರಾ ÷ ಉ) × ಕೊಸೈನ್ ಕೋ

ಹೊಸ ಭಾಗದ ಅರ್ಥ ಸರಳ. ಟ್ರಾಲಿ ಮುಂದಕ್ಕೆ ಚಿಮ್ಮಿದರೆ ಹೊರೆ ಹಿಂದಕ್ಕೆ ವಾಲುತ್ತದೆ. ಹಗ್ಗ 16 ಮೀಟರ್ ಇದ್ದರೆ ಅವಧಿ ಸುಮಾರು 8 ಸೆಕೆಂಡ್, ಹೊರೆ ಎಷ್ಟೇ ಟನ್ ಇರಲಿ. ನಿಂತ ಟ್ರಾಲಿಯ ವೇಗವನ್ನು ಸರಿಯಾಗಿ ಆ 8 ಸೆಕೆಂಡ್ ಕಾಲ ಒಂದೇ ಸಮನೆ ಹೆಚ್ಚಿಸಿ, ಆಮೇಲೆ ಅದೇ ವೇಗದಲ್ಲಿ ಓಡಿಸಿದರೆ ಹೊರೆ ತೂಗಾಡದೆ ನೆಟ್ಟಗೆ ಬರುತ್ತದೆ. ಕೆಳಗೆ ಕೆಲಸ ಮಾಡುವವರ ತಲೆ ಕಾಯುವ ಸೂತ್ರ ಇದು.

ನಮ್ಮ ರೇಡಿಯೋ ಒಳಗೂ ಒಂದು ಲೋಲಕವಿದೆ. ತಂತಿಯ ಸುರುಳಿಯಲ್ಲಿ ಕರೆಂಟ್ ಓಡುವಾಗಿನ ಶಕ್ತಿ ಚಲನ ಶಕ್ತಿಯ ಜಾಗದಲ್ಲಿ, ಕೆಪಾಸಿಟರ್‌ನಲ್ಲಿ ಕೂಡಿಟ್ಟ ಶಕ್ತಿ ಪ್ರಚ್ಛನ್ನ ಶಕ್ತಿಯ ಜಾಗದಲ್ಲಿ. ಒಂದರಿಂದ ಇನ್ನೊಂದನ್ನು ಕಳೆದು ಅದೇ ನಿಯಮ ಹಾಕಿದರೆ ಸಣ್ಣ ಕೋನದ ಲೋಲಕದ ಸಮೀಕರಣವೇ ಬರುತ್ತದೆ. ಹಳೆಯ ಸೆಟ್‌ನಲ್ಲಿ ನೀವು ಗುಂಡಿ ತಿರುಗಿಸಿ ಸ್ಟೇಷನ್ ಹಿಡಿಯುವುದೆಂದರೆ ಈ ಲೋಲಕದ ಅವಧಿ ಬದಲಿಸುವುದು. ಬಲಗಳ ಪಟ್ಟಿ ಹಿಡಿದು ಹೊರಟರೆ ಗುಂಡು, ದಾರ ದಾಟಿ ಇಲ್ಲಿಗೆ ಬರುವುದು ಕಷ್ಟ. ಶಕ್ತಿಯ ಲೆಕ್ಕಕ್ಕೆ ಆ ಗಡಿ ಇಲ್ಲ.

ನೀವೂ ಮಾಡಿ ನೋಡಿ

ಒಂದು ಗಟ್ಟಿ ದಾರ, ಒಂದು ಬೀಗ. ಮೊಳೆಯಿಂದ ಬೀಗದ ನಡುಮಧ್ಯಕ್ಕೆ ಸರಿಯಾಗಿ 99 ಸೆಂಟಿಮೀಟರ್ ಇರಲಿ. ಸ್ವಲ್ಪವೇ ಎಳೆದು ಬಿಡಿ. ಮೊಬೈಲ್‌ನ ಸ್ಟಾಪ್‌ವಾಚ್‌ನಲ್ಲಿ 10 ಸಲ ಹೋಗಿ ಬರುವ ಹೊತ್ತು ಅಳೆಯಿರಿ. ಸುಮಾರು 20 ಸೆಕೆಂಡ್ ಬರಬೇಕು. ಬೀಗದ ಜೊತೆಗೆ ಅದೇ ಎತ್ತರದಲ್ಲಿ ಇನ್ನೊಂದು ಬೀಗ ಕಟ್ಟಿ, ಹೊತ್ತು ಬದಲಾಗದು. ದಾರವನ್ನು ಕಾಲುಭಾಗಕ್ಕೆ ಇಳಿಸಿ, ಹೊತ್ತು ಅರ್ಧವಾಗುತ್ತದೆ. ಕಾಲುಭಾಗ ಮಾಡಿದರೆ ಅರ್ಧವೇ ಏಕೆ? ಆ ವರ್ಗಮೂಲವನ್ನು ಕೇಳಿ, ಹೇಳುತ್ತದೆ.

ಅಮ್ಮಂದಿರೇ, ಈ ಸಲ ಕಾಫಿ ಕೊಟ್ಟು ಸುಮ್ಮನಾಗಬೇಡಿ. "ದಾರದ ಬಿಗಿ ಎಲ್ಲಿ ಹೋಯಿತೋ, ಯಾಕೆ ಲೆಕ್ಕಕ್ಕೆ ಬರಲಿಲ್ಲ?" ಎಂದು ಕೇಳಿ. ಮಗ, ಮಗಳು ಕನ್ನಡದಲ್ಲಿ ಉತ್ತರ ಹೇಳಿದರೆ ಪರೀಕ್ಷೆಯಲ್ಲಿ ಯಾವ ಭಾಷೆಯಲ್ಲಿ ಬೇಕಾದರೂ ಬರೆಯುತ್ತಾರೆ. ನಿಮ್ಮ ಬೀಗದ ಲೋಲಕ ಎಷ್ಟು ಸೆಕೆಂಡ್ ತೋರಿಸಿತು ಎಂದು ನಮಗೂ ಬರೆದು ತಿಳಿಸಿ. ಊರಿನ ಹೆಸರು ಮಾತ್ರ ಮರೆಯಬೇಡಿ, "ಗು" ಅದರ ಮೇಲೇ ನಿಂತಿದೆ!